ಸ್ಟೀರಿಂಗ್ ಹಿಡಿದ ಕೈಗೆ ಕೋವಿ ಕೊಡುವ ಮುನ್ನ

2025ರ ಸೆಪ್ಟೆಂಬರ್ 13, ಶನಿವಾರ ಸಂಜೆ. ನವಿ ಮುಂಬಯಿಯ ಮುಲುಂದ್–ಐರೋಲಿ ರಸ್ತೆಯಲ್ಲಿ ಕಾಂಕ್ರೀಟ್ ಮಿಕ್ಸರ್ ಲಾರಿಯೊಂದು ಲ್ಯಾಂಡ್ ಕ್ರೂಸರ್ ಕಾರಿಗೆ ತಾಗಿತು. ಆ ಭಾಗದಲ್ಲಿ ಇದು ಹೊಸದೇನಲ್ಲ. ಥಾಣೆ–ಬೇಲಾಪುರ ರಸ್ತೆಗೆ ಕೂಡಿಕೊಳ್ಳುವ ಕಡೆ ಲಾರಿ, ಟೆಂಪೊ, ಕಂಪನಿ ಬಸ್ಸು, ರಿಕ್ಷಾ ಎಲ್ಲವೂ ಒಂದೇ ಸಿಗ್ನಲ್ಲಿಗೆ ಬಂದು ನಿಲ್ಲುತ್ತವೆ. ಬಂಪರ್ ಉಜ್ಜಿದರೆ ಇಬ್ಬರೂ ಇಳಿದು ನಾಲ್ಕು ಮಾತು ಬೈದಾಡುತ್ತಾರೆ, ಹಿಂದಿನವರ ಹಾರ್ನ್ ಜೋರಾದ ಮೇಲೆ ಹತ್ತಿ ಹೋಗುತ್ತಾರೆ. ಆ ದಿನ ಹಾಗಾಗಲಿಲ್ಲ. ಲಾರಿಯಲ್ಲಿ ಕ್ಲೀನರ್ ಆಗಿದ್ದ 22 ವರ್ಷದ ಹುಡುಗನನ್ನು ಕಾರಿನವರು ಬಲವಂತವಾಗಿ ಹತ್ತಿಸಿಕೊಂಡು ಹೋದರು ಎಂದು ರಬಾಳೆ ಪೊಲೀಸ್ ಠಾಣೆಯಲ್ಲಿ ಅಪಹರಣದ ದೂರು ದಾಖಲಾಯಿತು. ಕಾರಿನ ಜಾಡು ಹಿಡಿದು ಹೋದ ಪೊಲೀಸರಿಗೆ ಹುಡುಗ ಸಿಕ್ಕಿದ್ದು ಪುಣೆಯ ಒಂದು ಬಂಗಲೆಯಲ್ಲಿ.

ಆ ಬಂಗಲೆ ಖೇಡ್ಕರ್ ಕುಟುಂಬದ್ದು. ಐಎಎಸ್ ಪ್ರೊಬೇಷನರಿಯಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೇವೆಯಿಂದ ಬಿಡುಗಡೆ ಮಾಡಿದ ಪೂಜಾ ಖೇಡ್ಕರ್ ಅವರ ತಂದೆ–ತಾಯಿಯ ಮನೆ. ಅಪಹರಣದ ಆರೋಪ ಬಂದದ್ದು ಅವರ ತಂದೆ ದಿಲೀಪ್ ಖೇಡ್ಕರ್ ಹಾಗೂ ಅಂಗರಕ್ಷಕನ ಮೇಲೆ. ಪೊಲೀಸರಿಗೆ ಗೇಟು ತೆಗೆಯದೆ ಅಡ್ಡಿಪಡಿಸಿದರೆಂದು ತಾಯಿ ಮನೋರಮಾ ಅವರ ಮೇಲೆ ಪುಣೆಯಲ್ಲಿ ಇನ್ನೊಂದು ಪ್ರಕರಣವಾಯಿತು. ಇವೆಲ್ಲ ಆರೋಪಗಳು, ಸರಿ–ತಪ್ಪು ಹೇಳಬೇಕಾದದ್ದು ನ್ಯಾಯಾಲಯ. ಇಲ್ಲಿ ಈ ಕುಟುಂಬವನ್ನು ನೆನೆದದ್ದು ಅವರ ತಪ್ಪು–ಒಪ್ಪು ಅಳೆಯಲಿಕ್ಕಲ್ಲ. ಒಂದೇ ಮನೆಯ ಸುತ್ತ ಮೂರು ಬೇರೆ ಬೇರೆ ಪೊಲೀಸ್ ವಿಭಾಗಗಳ ದಫ್ತರುಗಳಲ್ಲಿ ಬಿದ್ದಿರುವ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲಿಕ್ಕೆ.

ಮೊದಲ ದಾಖಲೆ ಪುಣೆ ನಗರ ಸಂಚಾರ ಪೊಲೀಸರದ್ದು. 2024ರ ಜುಲೈಯಲ್ಲಿ, ಪೂಜಾ ಬಳಸುತ್ತಿದ್ದ ಆಡಿ ಕಾರಿನ ಮೇಲೆ 21 ಚಲನ್ ಬಾಕಿ ಇವೆ ಎಂದು ಅವರು ನೋಟಿಸ್ ಕೊಟ್ಟರು. ದಂಡದ ಮೊತ್ತ ಸುಮಾರು 26 ಸಾವಿರ ರೂಪಾಯಿ. ಕಾರು ಇದ್ದದ್ದು ಒಂದು ಖಾಸಗಿ ಕಂಪನಿಯ ಹೆಸರಿನಲ್ಲಿ. ಎರಡನೆಯದು ಪುಣೆ ಗ್ರಾಮಾಂತರದ ಪೌಡ್ ಠಾಣೆಯದ್ದು. ಮುಳಶಿ ತಾಲ್ಲೂಕಿನ ಜಮೀನಿನ ಜಗಳದಲ್ಲಿ ಮನೋರಮಾ ಅವರು ಕೈಯಲ್ಲಿ ಪಿಸ್ತೂಲು ಹಿಡಿದು ರೈತರನ್ನು ಬೆದರಿಸುತ್ತಿರುವಂತೆ ಕಾಣುವ ವಿಡಿಯೊ ಅದೇ ತಿಂಗಳು ಹೊರಬಿತ್ತು. ಘಟನೆ ನಡೆದದ್ದು 2023ರ ಜೂನ್‌ನಲ್ಲಿ. ಎಫ್‌ಐಆರ್ ಆದದ್ದು, ರಾಯಗಡ ಜಿಲ್ಲೆಯ ಮಹಾಡ್ ಬಳಿ ಅವರನ್ನು ಬಂಧಿಸಿದ್ದು, ಪಿಸ್ತೂಲಿನ ಲೈಸನ್ಸ್ ಏಕೆ ರದ್ದು ಮಾಡಬಾರದು ಎಂದು ಪೊಲೀಸರು ನೋಟಿಸ್ ಕಳಿಸಿದ್ದು ಎಲ್ಲವೂ 2024ರ ಜುಲೈಯಲ್ಲಿ, ಅಂದರೆ ವಿಡಿಯೊ ಊರೆಲ್ಲ ಹರಡಿದ ಮೇಲೆ. ಮೂರನೆಯದು ನಮ್ಮ ರಬಾಳೆ ಠಾಣೆಯದ್ದು.

ಚಲನ್, ಪಿಸ್ತೂಲು, ರಸ್ತೆಯ ಜಗಳ. ವ್ಯಕ್ತಿಗಳು ಬೇರೆ, ವರ್ಷಗಳು ಬೇರೆ, ಕಾನೂನುಗಳೂ ಬೇರೆ. ಆದರೂ ಸಾಮಾನ್ಯ ಓದುಗನಿಗೆ ಸಹಜವಾಗಿ ಬರುವ ಪ್ರಶ್ನೆಯೊಂದಿದೆ: ಒಬ್ಬ ಮನುಷ್ಯ ರಸ್ತೆಯಲ್ಲಿ ಹೇಗೆ ನಡೆದುಕೊಂಡ ಎನ್ನುವುದು ಅವನಿಗೆ ಕೋವಿಯ ಲೈಸನ್ಸ್ ಕೊಡುವಾಗ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ ದೊಡ್ಡವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಐರೋಲಿ, ರಬಾಳೆ, ಘನ್ಸೋಲಿ, ಕೋಪರ್‌ಖೈರಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಮೂಲದ ಎಷ್ಟೋ ಮನೆಗಳಿವೆ. ಊರಲ್ಲಿ ಅಡಿಕೆ ತೋಟ, ತೋಟದ ಮನೆಯ ಗೋಡೆಗೆ ಒರಗಿಸಿಟ್ಟ ಅಪ್ಪನ ಕಾಲದ ಕೋವಿ. ಮಂಗ, ಹಂದಿ ಓಡಿಸಲಿಕ್ಕೆಂದು ಪಡೆದ ಬೆಳೆರಕ್ಷಣೆಯ ಲೈಸನ್ಸು. ಅಪ್ಪ ತೀರಿಕೊಂಡರೆ ಆ ಕೋವಿ ಏನಾಗಬೇಕು? ಮಗ ಇರುವುದು ರಬಾಳೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಬದಿಯಲ್ಲಿ, ನಡೆಸುವುದು ಹೋಟೆಲು, ಓಡಾಡುವುದು ಟೆಂಪೊ, ಸ್ಕೂಟರು, ಕಾರಿನಲ್ಲಿ. ಹತ್ತು ಹದಿನೈದು ವರ್ಷ ಈ ರಸ್ತೆಯಲ್ಲಿ ಗಾಡಿ ಓಡಿಸಿದವನ ಹೆಸರಿನಲ್ಲಿ ಒಂದಾದರೂ ಚಲನ್ ಇಲ್ಲದಿದ್ದರೆ ಅದೇ ಆಶ್ಚರ್ಯ. ಹಾಗಾಗಿ ಇಂಥ ಒಬ್ಬ ಮಗನನ್ನೇ ಕಣ್ಣ ಮುಂದೆ ಇಟ್ಟುಕೊಂಡು ಕಾನೂನಿನೊಳಗೆ ಹೋಗೋಣ.

ಅರ್ಜಿಯ ಕಾಲಂ

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಈಗಿನ ನಿಯಮಗಳು 2016ರವು. ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಿ ಲೈಸನ್ಸ್ ಕೊಡುವ ಅಧಿಕಾರ ಕಮಿಷನರ್‌ಗೆ, ಉಳಿದೆಡೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ರಬಾಳೆಯವರ ಅರ್ಜಿ ನವಿ ಮುಂಬಯಿ ಕಮಿಷನರ್ ಕಚೇರಿಗೆ ಹೋಗುತ್ತದೆ; ನಮ್ಮ ಈ ಮಗ ತನ್ನ ಊರಾದ ಸುಳ್ಯದಲ್ಲೇ ಇದ್ದಿದ್ದರೆ ಮಂಗಳೂರಿನ ಜಿಲ್ಲಾಧಿಕಾರಿಗೆ. ಅರ್ಜಿಯ ನಮೂನೆಗೆ ಎ–1 ಎಂದು ಹೆಸರು. ಹೆಸರು, ವಿಳಾಸ, ಉದ್ಯೋಗ, ಯಾವ ಬಗೆಯ ಆಯುಧ, ಯಾಕೆ ಬೇಕು, ಮನೆಯಲ್ಲಿ ಎಲ್ಲಿಡುತ್ತೀರಿ, ಹಿಂದೆ ಅರ್ಜಿ ಹಾಕಿದ್ದಿರಾ, ತಿರಸ್ಕಾರವಾಗಿತ್ತೇ ಎಂದೆಲ್ಲ ಕೇಳುತ್ತದೆ. ಅದರ ನಡುವೆ ಬರುತ್ತದೆ ಮುಖ್ಯ ಕಾಲಂ: ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ? ಆಗಿದ್ದರೆ ಯಾವ ಅಪರಾಧ, ಎಷ್ಟು ಶಿಕ್ಷೆ, ಯಾವಾಗ? ಶಾಂತಿಪಾಲನೆಗೆ, ಸನ್ನಡತೆಗೆ ಮುಚ್ಚಳಿಕೆ ಬರೆದುಕೊಡಬೇಕೆಂದು ನ್ಯಾಯಾಲಯ ಹಿಂದೆ ಆದೇಶಿಸಿತ್ತೇ?

ಈ ಕಾಲಂ ಎದುರು ಪೆನ್ನು ಹಿಡಿದು ಕುಳಿತವನ ಗೊಂದಲ ನಿಜವಾದದ್ದು. ವಾಶಿಯಲ್ಲಿ ಸಿಗ್ನಲ್ ದಾಟಿದ್ದಕ್ಕೆ ಮೊಬೈಲಿಗೆ ಬಂದ ಚಲನ್, ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟಿದ ದಂಡ, ಎಂಟು ವರ್ಷದ ಹಿಂದೆ ರಿಕ್ಷಾಕ್ಕೆ ಗುದ್ದಿ ಕೋರ್ಟಿಗೆ ಹೋಗಿ ಬಂದದ್ದು, ಇವೆಲ್ಲ ಒಂದೇ ಬಗೆಯವೇ?

ಅಲ್ಲ. ಕಾನೂನಿನಲ್ಲಿ ಇವುಗಳ ನಡುವೆ ದೊಡ್ಡ ಅಂತರವಿದೆ. ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಅರ್ಜಿ ತುಂಬಿಕೊಡುವ ಏಜೆಂಟರು ಹೇಳುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಮು ಸಣ್ಣಪುಟ್ಟ ಉಲ್ಲಂಘನೆಗಳನ್ನು ಸ್ಥಳದಲ್ಲೇ ರಾಜಿ ಮಾಡಿಕೊಳ್ಳಲು ಬಿಡುತ್ತದೆ. ವೇಗ, ಹೆಲ್ಮೆಟ್, ಸೀಟ್ ಬೆಲ್ಟ್, ಕೈಯಲ್ಲಿ ಮೊಬೈಲು ಇಂಥವು. ಆ್ಯಪ್‌ನಲ್ಲಿಯೋ ಪೊಲೀಸರ ಯಂತ್ರದಲ್ಲಿಯೋ ದಂಡ ಕಟ್ಟಿದರೆ ಅಲ್ಲಿಗೆ ಮುಗಿಯಿತು. ಯಾವ ನ್ಯಾಯಾಧೀಶರೂ ನಿಮ್ಮನ್ನು ಅಪರಾಧಿ ಎಂದು ಘೋಷಿಸಿಲ್ಲ. ದಂಡ ಕಟ್ಟದೆ ಬಿಟ್ಟು, ಅದು ಕೋರ್ಟಿಗೆ ಹೋಗಿ, ಅಲ್ಲಿ ನೀವು ‘ತಪ್ಪಾಯಿತು’ ಎಂದು ಒಪ್ಪಿಕೊಂಡು ಮ್ಯಾಜಿಸ್ಟ್ರೇಟರು ದಂಡ ಹಾಕಿದರೆ ಮಾತ್ರ ಅದು ಶಿಕ್ಷೆ. ಮೊತ್ತ ಅದೇ ಐನೂರು ರೂಪಾಯಿ ಇರಬಹುದು. ಆದರೆ ಎ–1 ನಮೂನೆಯ ಕಾಲಂಗೆ ಎರಡನೆಯದು ಸೇರುತ್ತದೆ, ಮೊದಲನೆಯದು ಸೇರುವುದಿಲ್ಲ.

ಕುಡಿದು ಗಾಡಿ ಓಡಿಸಿದ್ದು ಈ ರಾಜಿಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಸಿಕ್ಕರೆ 185ನೇ ಕಲಮು. ಮೊದಲ ಸಲ ಆರು ತಿಂಗಳವರೆಗೆ ಸಜೆ, ಇಲ್ಲವೇ 10 ಸಾವಿರ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸಜೆ, 15 ಸಾವಿರ ದಂಡ. ಡಿಸೆಂಬರ್ 31ರ ರಾತ್ರಿ ನಾಕಾಬಂದಿಯಲ್ಲಿ ಊದಿ ಸಿಕ್ಕಿಬಿದ್ದವನು ಕೋರ್ಟಿಗೆ ಹೋಗಲೇಬೇಕು. ಅಲ್ಲಿ ದಂಡ ಕಟ್ಟಿ ಹೊರಬಂದು ‘ಮುಗಿಯಿತಲ್ಲ’ ಎಂದುಕೊಂಡವನ ಮೇಲೆ ಶಿಕ್ಷೆಯ ದಾಖಲೆ ಉಳಿದಿರುತ್ತದೆ. ಐದು ವರ್ಷ ಬಿಟ್ಟು ಅಪ್ಪನ ಕೋವಿಗೆ ಅರ್ಜಿ ಹಾಕುವಾಗ ಅದನ್ನು ಬರೆಯಬೇಕು. ಇದನ್ನು ಎಷ್ಟು ಮಂದಿ ಬರೆಯುತ್ತಾರೆ?

ಅಡ್ಡಿ ಯಾವುದು, ಅನುಮಾನ ಯಾವುದು

ಶಿಕ್ಷೆಯಾಗಿದೆ ಎಂದು ಬರೆದ ಕೂಡಲೇ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ತಾನಾಗಿ ಮುಚ್ಚುವುದು ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನಲ್ಲಿ ಹೇಳಿದವರಿಗೆ: 21 ತುಂಬದವರು; ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಎಷ್ಟೇ ಅವಧಿಯದಾಗಲಿ ಸೆರೆವಾಸದ ಶಿಕ್ಷೆ ಪಡೆದವರು, ಅದೂ ಶಿಕ್ಷೆ ಮುಗಿದು ಐದು ವರ್ಷ ಆಗುವ ತನಕ; ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಟ್ಟವರು, ಅದರ ಅವಧಿ ಮುಗಿಯುವ ತನಕ.

ರಸ್ತೆಯ ತಪ್ಪುಗಳಲ್ಲಿ ಹೆಚ್ಚಿನವು ಇದರೊಳಗೆ ಬರುವುದಿಲ್ಲ. ದಂಡ ಮಾತ್ರ ಆಗಿದ್ದರೆ ಸೆರೆವಾಸದ ಮಾತೇ ಇಲ್ಲ. ಅಜಾಗರೂಕ ಚಾಲನೆ, ಅಂದರೆ ಹಳೆಯ ಐಪಿಸಿಯ 279, ಈಗಿನ ಭಾರತೀಯ ನ್ಯಾಯ ಸಂಹಿತೆಯ 281, ಇದು ಎಚ್ಚರಗೇಡಿತನದ ಅಪರಾಧ. ಇನ್ನೊಬ್ಬರಿಗೆ ಕೇಡು ಬಗೆದು ಮಾಡಿದ ನೀಚ ಕೃತ್ಯವೆಂದು ಅದನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. 1996ರ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಸಣ್ಣ ಶಿಕ್ಷೆಗಳ ಬಗ್ಗೆ ನೋವು ತೋಡಿಕೊಂಡಿತ್ತು. 20 ರೂಪಾಯಿ ದಂಡ ಕಟ್ಟಿ ಸಣ್ಣ ತಪ್ಪೊಂದನ್ನು ಒಪ್ಪಿಕೊಂಡ ಹುಡುಗ ಸರ್ಕಾರಿ ಕೆಲಸ ಕಳೆದುಕೊಂಡಿದ್ದ. ಸಂಚಾರ ನಿಯಮ, ನಗರಸಭೆಯ ನಿಯಮ ಮುರಿದ ಇಂಥ ಚಿಲ್ಲರೆ ಶಿಕ್ಷೆಗಳು ಎಳೆಯರ ಬದುಕನ್ನೇ ಕೆಡಿಸಬಾರದು, ಸಂಸತ್ತು ಈ ಕುರಿತು ಯೋಚಿಸಬೇಕು ಎಂದು ನ್ಯಾಯಾಲಯ ಹೇಳಿತು. ಆ ಮಾತಿನ ಕಳಕಳಿ ಇಂದಿಗೂ ಹಳತಾಗಿಲ್ಲ.

ಸಾವಾದರೆ ಲೆಕ್ಕ ಬೇರೆ. ನಿರ್ಲಕ್ಷ್ಯದಿಂದ ಸಾವು ತಂದರೆ ಐಪಿಸಿಯಲ್ಲಿ ಎರಡು ವರ್ಷದವರೆಗೆ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ 106(1) ಅದನ್ನು ಐದಕ್ಕೆ ಏರಿಸಿತು. ಕುಡಿದು, ಗೊತ್ತಿದ್ದೂ, ಜನರ ಮೇಲೆ ಗಾಡಿ ಹರಿಸಿದರೆ ಅದು ನಿರ್ಲಕ್ಷ್ಯವಲ್ಲ, ನರಹತ್ಯೆ ಎಂದು ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಅಲಿಸ್ಟರ್ ಪಿರೇರಾ ಪ್ರಕರಣದಲ್ಲಿ ಒಪ್ಪಿತು. 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿದು ಏಳು ಮಂದಿ ಸತ್ತ ಪ್ರಕರಣ ಅದು. ಅದಕ್ಕೂ ಮೊದಲು, 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ, ಅಜಾಗರೂಕ ಚಾಲನೆಯಿಂದ ಜೀವ ತೆಗೆದವರಿಗೆ ಪ್ರೊಬೇಷನ್ ಕಾಯ್ದೆಯ ಕರುಣೆ ಸಲ್ಲದು ಎಂದು ಅದೇ ನ್ಯಾಯಾಲಯ ಗಟ್ಟಿಯಾಗಿ ಹೇಳಿತ್ತು. ಇನ್ನು ರಸ್ತೆಯಲ್ಲಿ ಗಾಡಿ ತಾಗಿದ್ದಕ್ಕೆ ಇಳಿದು ಹೊಡೆದರೆ, ಎಳೆದೊಯ್ದರೆ ಅದು ಸಂಚಾರ ನಿಯಮದ ತಪ್ಪೇ ಅಲ್ಲ. ಹಲ್ಲೆ, ಅಪಹರಣ ಹಿಂಸೆಯ ಅಪರಾಧಗಳು. ಜೈಲು ಶಿಕ್ಷೆಯಾದರೆ 9ನೇ ಕಲಮು ನೇರವಾಗಿ ತಾಗುತ್ತದೆ.

ಉಳಿದವರೆಲ್ಲ ಬಂದು ನಿಲ್ಲುವುದು 14ನೇ ಕಲಮಿನ ಮುಂದೆ. ಅಲ್ಲಿ ಅಧಿಕಾರಿಯ ವಿವೇಚನೆ ದೊಡ್ಡದು. ಅರ್ಜಿದಾರ ಯಾವುದೇ ಕಾರಣಕ್ಕೆ ಲೈಸನ್ಸಿಗೆ ಅನರ್ಹ ಎಂದು ಅಧಿಕಾರಿಗೆ ತೋರಿದರೆ, ಅಥವಾ ಸಾರ್ವಜನಿಕ ಶಾಂತಿ, ಸುರಕ್ಷತೆಗಾಗಿ ಬೇಕೆನಿಸಿದರೆ, ಅರ್ಜಿ ತಿರಸ್ಕರಿಸಬಹುದು. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಕೇಳಿದರೆ ಕೊಡಬೇಕು. ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎನಿಸಿದರೆ ಮಾತ್ರ ಕೊಡದಿರಬಹುದು. ತಿರಸ್ಕಾರವಾದರೆ 18ನೇ ಕಲಮಿನಡಿ ಮೇಲ್ಮನವಿ ಇದೆ. ಪ್ರಕರಣ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಲೈಸನ್ಸ್ ರದ್ದು ಮಾಡುವಂತಿಲ್ಲ ಎಂದು ಅಲಹಾಬಾದ್ ಹೈಕೋರ್ಟು ಹಲವು ಸಲ ಹೇಳಿದೆ. ಆದರೆ ಮೊದಲ ಸಲ ಅರ್ಜಿ ಹಾಕಿದವನು ಠಾಣೆಯ ವರದಿಯನ್ನು ದಾಟಿಯೇ ಬರಬೇಕು. 13ನೇ ಕಲಮಿನಂತೆ ಕಮಿಷನರು ಹತ್ತಿರದ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಜತೆಗೆ ವೈದ್ಯರ ಪ್ರಮಾಣಪತ್ರ ಬೇಕು: ದೇಹ, ಮನಸ್ಸು ಸರಿಯಿದೆ, ಅಮಲು ಪದಾರ್ಥಗಳ ದಾಸನಲ್ಲ ಎಂದು. ಎರಡು ಸಲ ಕುಡಿದು ಸಿಕ್ಕಿಬಿದ್ದವನ ಕೋರ್ಟು ದಾಖಲೆಯನ್ನೂ ಈ ಪ್ರಮಾಣಪತ್ರವನ್ನೂ ಒಟ್ಟಿಗೆ ಓದುವ ಅಧಿಕಾರಿಗೆ ಅನುಮಾನ ಬಂದರೆ ಅದು ನ್ಯಾಯವಾದ ಅನುಮಾನ.

ಮುಚ್ಚಿಟ್ಟರೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮುಖ್ಯ ಮಾಹಿತಿ ಬಚ್ಚಿಟ್ಟು ಅಥವಾ ತಪ್ಪು ಮಾಹಿತಿ ಕೊಟ್ಟು ಪಡೆದ ಲೈಸನ್ಸನ್ನು 17ನೇ ಕಲಮಿನಡಿ ಅಮಾನತು ಮಾಡಬಹುದು, ರದ್ದುಪಡಿಸಬಹುದು. ಎಂಟು ವರ್ಷದ ಹಿಂದಿನ ಸಾವಿರ ರೂಪಾಯಿ ದಂಡ ಹೇಳಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೇಳದೆ ಬಿಟ್ಟದ್ದಕ್ಕೆ ಲೈಸನ್ಸೇ ಹೋಗಬಹುದು. ಏಜೆಂಟರು ‘ಅದೆಲ್ಲ ಬರೆಯಬೇಡಿ ಸಾರ್’ ಎಂದರೆ ಆ ಮಾತು ಕೇಳಬಾರದು.

ಚಲನ್ ಯಾರ ಹೆಸರಿಗೆ?

ಇಲ್ಲಿಯವರೆಗೆ ಹೇಳಿದ್ದು ಕಾನೂನು ಇರುವ ರೀತಿ. ಅದು ಸಾಕೇ ಎಂಬುದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ‘ಸಾಲದು’. ಆದರೆ ‘ಚಲನ್ ಎಣಿಸಿ ಲೈಸನ್ಸ್ ನಿರಾಕರಿಸಿ’ ಎನ್ನುವವರ ಜತೆಯೂ ನಾನಿಲ್ಲ.

ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು; ಸ್ಟೀರಿಂಗ್ ಹಿಂದೆ ಕುಳಿತವನ ಮುಖವನ್ನಲ್ಲ. ಚಲನ್ ಹೋಗುವುದು ಗಾಡಿಯ ಮಾಲೀಕನ ಹೆಸರಿಗೆ. ರಬಾಳೆಯ ಹೋಟೆಲು ಮಾಲೀಕನ ಟೆಂಪೊವನ್ನು ಬೆಳಿಗ್ಗೆ ತರಕಾರಿಗೆ ಒಬ್ಬ ಹುಡುಗ, ಮಧ್ಯಾಹ್ನ ಕಂಪನಿಗಳ ಊಟದ ಡಬ್ಬಿಗೆ ಇನ್ನೊಬ್ಬ ಹುಡುಗ ಓಡಿಸುತ್ತಾರೆ. ನೋ ಪಾರ್ಕಿಂಗಿನ ದಂಡವೆಲ್ಲ ಮಾಲೀಕನ ಮೊಬೈಲಿಗೆ. ಆ ಪಟ್ಟಿ ನೋಡಿ ಅವನನ್ನು ‘ಕಾನೂನು ಮುರಿಯುವ ಚಟದವನು’ ಎಂದರೆ ಅನ್ಯಾಯ. ಅದೇ ಹೊತ್ತಿಗೆ, ಕಂಪನಿಯ ಹೆಸರಿನಲ್ಲಿರುವ ಕಾರಿನಲ್ಲಿ ಸಿಗ್ನಲ್ ಮುರಿದು ಓಡುವವರ ಹೆಸರು ಯಾವ ಪಟ್ಟಿಗೂ ಬರುವುದೇ ಇಲ್ಲ. ಇನ್ನು ಲಾರಿ ಚಾಲಕರ ಪಾಡು. ಮಾಲೀಕ ಹೆಚ್ಚು ಹೇರು ಹಾಕಿಸುತ್ತಾನೆ, ಹೊತ್ತಿಗೆ ಮುಟ್ಟಿಸು ಎನ್ನುತ್ತಾನೆ. ದಾರಿಯಲ್ಲಿ ಬೈಸಿಕೊಳ್ಳುವುದು ಚಾಲಕ. ನಿವೃತ್ತಿಯಾದ ಮೇಲೆ ಗೋದಾಮಿನ ಕಾವಲಿಗೆ ಕೋವಿ ಹಿಡಿಯುವ ಕೆಲಸ ಸಿಗುವಂತಿದ್ದರೆ ಅವನಿಗೆ ಹಳೆಯ ಚಲನ್‌ಗಳು ಮುಳ್ಳಾಗಬಾರದು.

ದಂಡ ಕಟ್ಟಿದ್ದು, ಬಾಕಿ ಇಟ್ಟದ್ದು ಕೂಡ ಗುಣದ ಅಳತೆಯಲ್ಲ. ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಸಂಚಾರ ಠಾಣೆಗಳ ಮುಂದೆ ಜನ ಸಾಲುಗಟ್ಟಿದರು. ಬಾಕಿಯ ಪಟ್ಟಿ ಒಂದಷ್ಟು ಕರಗಿತು. ರಸ್ತೆಯಲ್ಲಿ ನಡೆದುಕೊಳ್ಳುವ ರೀತಿ ಬದಲಾಯಿತು ಎಂದು ಅದರಿಂದ ಹೇಳಲು ಬರುವುದಿಲ್ಲ.

ಹಾಗಾದರೆ ಎಣಿಸಬೇಕಾದದ್ದು ಯಾವುದು? ಎರಡೇ: ಕುಡಿದು ಓಡಿಸಿದ್ದು, ಸಿಟ್ಟಿನಲ್ಲಿ ಮೇಲೆ ಬಿದ್ದದ್ದು.

ಮೊದಲನೆಯದಕ್ಕೆ ಪುರಾವೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು, 2001ರಲ್ಲಿ ಕಾನೂನುಬದ್ಧವಾಗಿ ಕೈಬಂದೂಕು ಕೊಂಡ ಸುಮಾರು 79 ಸಾವಿರ ಮಂದಿಯ ದಾಖಲೆಗಳನ್ನು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದರು. ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆಯಂಥ ಅಪರಾಧಗಳಲ್ಲಿ ಮುಂದೆ ಬಂಧನಕ್ಕೊಳಗಾದವರು, ಹಿಂದೆ ಯಾವ ಶಿಕ್ಷೆಯೂ ಆಗದವರಲ್ಲಿ ಶೇ 2ರಷ್ಟಿದ್ದರೆ, ಕುಡಿದು ವಾಹನ ಓಡಿಸಿ ಶಿಕ್ಷೆಗೊಳಗಾಗಿದ್ದವರಲ್ಲಿ ಶೇ 9ರಷ್ಟಿದ್ದರು. ಅಮೆರಿಕದ ಕಾನೂನು ಎಲ್ಲೆಡೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೆನ್ಸಿಲ್ವೇನಿಯಾ ತೆಗೆದುಕೊಳ್ಳುತ್ತದೆ: ಐದು ವರ್ಷದಲ್ಲಿ ಮೂರು ಸಲ ಕುಡಿದು ಓಡಿಸಿ ಶಿಕ್ಷೆಗೊಳಗಾದವನು ಬಂದೂಕು ಕೊಳ್ಳುವಂತಿಲ್ಲ. ಜರ್ಮನಿಯ ಆಯುಧ ಕಾನೂನು ಅರ್ಜಿದಾರ ನಂಬಿಕೆಗೆ ಅರ್ಹನೇ ಎಂದು ನೋಡುತ್ತದೆ. 60 ದಿನದ ಗಳಿಕೆಯಷ್ಟು ದಂಡ ಬಿದ್ದ ಉದ್ದೇಶಪೂರ್ವಕ ಅಪರಾಧವಾಗಿದ್ದರೆ, ಅದು ರಸ್ತೆಯದ್ದಾದರೂ ಸರಿ, ಐದು ವರ್ಷ ಸಾಮಾನ್ಯವಾಗಿ ಲೈಸನ್ಸಿಲ್ಲ. ಇಂಗ್ಲೆಂಡಿನ ಅರ್ಜಿಯಲ್ಲಿ ವಾಹನ ಚಾಲನೆಯ ಶಿಕ್ಷೆಗಳನ್ನೂ ಬರೆಯಬೇಕು, ಹಳೆಯದಾಯಿತೆಂದು ಬಿಡುವಂತಿಲ್ಲ.

ಎರಡನೆಯದಕ್ಕೆ ಅಂಕಿಸಂಖ್ಯೆ ಹುಡುಕಿ ಹೋಗಬೇಕಿಲ್ಲ; ನಮ್ಮ ಮಂಗಳೂರಿನ ಒಂದು ದುರಂತ ಸಾಕು. 2021ರ ಅಕ್ಟೋಬರ್‌ನಲ್ಲಿ ಮೋರ್ಗನ್ಸ್ ಗೇಟ್ ಬಳಿಯ ಸಾರಿಗೆ ಕಚೇರಿಗೆ ಚಾಲಕ ಮತ್ತು ಕ್ಲೀನರ್ ಬಾಕಿ ಸಂಬಳ ಕೇಳಲು ಬಂದರು. ಮಾತಿಗೆ ಮಾತು ಬೆಳೆಯಿತು. ಮಾಲೀಕರು ಪಿಸ್ತೂಲು ತೆಗೆದು ಗುಂಡು ಹಾರಿಸಿದರು. ಗುಂಡು ತಾಗಿದ್ದು ಅಲ್ಲೇ ಇದ್ದ ಅವರ ಸ್ವಂತ ಮಗನಿಗೆ, ಹದಿಹರೆಯದ ಹುಡುಗನಿಗೆ. ಅವನು ಉಳಿಯಲಿಲ್ಲ. ಕೈಗೆ ಸಿಗುವಂತೆ ಪಿಸ್ತೂಲು ಇಲ್ಲದಿದ್ದರೆ ಅದು ಒಂದು ಮಧ್ಯಾಹ್ನದ ಜಗಳವಾಗಿ ಮುಗಿಯುತ್ತಿತ್ತು. ಇದನ್ನು ಬರೆಯುವಾಗಲೂ ಆ ಮನೆಯವರ ಸಂಕಟ ನೆನೆದು ಕೈ ನಿಲ್ಲುತ್ತದೆ. ಎರಡು ವರ್ಷ ದಾಟಿದ ಮೇಲೆ, 2024ರ ಫೆಬ್ರುವರಿ 2ರಂದು, ನಮ್ಮ ಕಲ್ಯಾಣದ ಮಗ್ಗುಲಲ್ಲೇ, ಉಲ್ಲಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯ ಒಳಗೆ ಕಲ್ಯಾಣ ಪೂರ್ವದ ಆಗಿನ ಶಾಸಕ ಗಣಪತ್ ಗಾಯಕ್ವಾಡ್ ಇನ್ನೊಬ್ಬ ರಾಜಕಾರಣಿಯ ಮೇಲೆ ಗುಂಡು ಹಾರಿಸಿದರು. ಅದಕ್ಕೆ ಮೂಲ ಜಮೀನಿನ ಜಗಳ. ಇಂಥ ಕಡೆ ತಂಟೆ ಹುಟ್ಟಿಸುವುದು ಆಯುಧವಲ್ಲ, ಕೋಪ. ಆಯುಧ ಅದನ್ನು ಕ್ಷಣಾರ್ಧದಲ್ಲಿ ಹಿಂದಿರುಗಲಾಗದ ಕಡೆಗೆ ಒಯ್ಯುತ್ತದೆ.

ಕೋಪವನ್ನು ಎಲ್ಲಿ ನೋಡಬಹುದು? ಮನೆಯೊಳಗೆ ಪೊಲೀಸರು ಇಣುಕಲಾರರು. ಕಚೇರಿಯಲ್ಲಿ ಎಲ್ಲರೂ ನಾಲಗೆ ಬಿಗಿಹಿಡಿಯುತ್ತಾರೆ. ರಸ್ತೆಯಲ್ಲಿ ಮಾತ್ರ ಗುರುತಿಲ್ಲದವರ ನಡುವೆ, ಬಿಸಿಲಲ್ಲಿ, ಹೊತ್ತು ಮೀರುತ್ತಿರುವಾಗ ಮನುಷ್ಯ ತನ್ನ ನಿಜ ಸ್ವಭಾವ ತೋರುತ್ತಾನೆ. ಅಡ್ಡ ಬಂದವನಿಗೆ ದಾರಿ ಬಿಡುವವನು, ಬಂಪರ್ ಉಜ್ಜಿದರೂ ‘ಹೋಗಲಿ’ ಎನ್ನುವವನು, ಜಾಕ್ ರಾಡು ಹಿಡಿದು ಇಳಿಯುವವನು ಎಲ್ಲರೂ ಸಿಗುವುದು ಅಲ್ಲೇ. ರಾಡು ಹಿಡಿದು ಇಳಿದವನ ಮೇಲೆ ದೂರಾಗಿ, ಎಫ್‌ಐಆರ್ ಆಗಿ, ಆಮೇಲೆ ‘ರಾಜಿ ಆಯಿತು’ ಎಂದು ಮುಚ್ಚಿಹೋದ ಪ್ರಕರಣಗಳು ಎಷ್ಟೋ. ಶಿಕ್ಷೆ ಆಗಿಲ್ಲವಾದ್ದರಿಂದ ಎ–1 ನಮೂನೆಯ ಶಿಕ್ಷೆಯ ಕಾಲಂಗೆ ಅವು ಬರುವುದಿಲ್ಲ. ಠಾಣೆಯ ವರದಿಯಲ್ಲಿ ಬರಬೇಕು. ಆದರೆ ಗಲಾಟೆ ಪನ್ವೇಲಿನಲ್ಲಿ, ಮನೆ ರಬಾಳೆಯಲ್ಲಿ ಎಂದಾದರೆ ವರದಿ ಬರೆಯುವ ಸಿಬ್ಬಂದಿ ತಮ್ಮ ಠಾಣೆಯ ದಫ್ತರು ನೋಡಿ ಸಹಿ ಹಾಕಿದರೆ ಏನೂ ಸಿಗುವುದಿಲ್ಲ. ಖೇಡ್ಕರ್ ಕುಟುಂಬದ ಸುತ್ತಲಿನ ದಾಖಲೆಗಳು ಪುಣೆ ನಗರ, ಪುಣೆ ಗ್ರಾಮಾಂತರ, ನವಿ ಮುಂಬಯಿ ಎಂದು ಹರಡಿಕೊಂಡಿದ್ದನ್ನು ನೋಡಿದರೆ ಇದು ಎಷ್ಟು ಸುಲಭವಾಗಿ ಆಗಬಹುದೆಂದು ತಿಳಿಯುತ್ತದೆ. ಪಿಸ್ತೂಲಿನ ಲೈಸನ್ಸಿನ ಬಗ್ಗೆ ನೋಟಿಸ್ ಹೊರಟದ್ದು ಘಟನೆ ನಡೆದು ವರ್ಷದ ಮೇಲೆ ಎಂಬುದನ್ನು ಮರೆಯಬಾರದು.

ನನ್ನ ಕೋರಿಕೆ ದೊಡ್ಡದಲ್ಲ. ಕಲಮು 14ರ ‘ಯಾವುದೇ ಕಾರಣ’ ಎಂಬ ಅಗಲ ಬಾಗಿಲಿನಲ್ಲಿ ಅಧಿಕಾರಿಯ ಮರ್ಜಿಗೆ ಬಿಡದೆ, ಮೂರು ವರ್ಷದೊಳಗಿನ ಕುಡಿದ ಚಾಲನೆಯ ಶಿಕ್ಷೆ, ರಸ್ತೆಯ ಹಲ್ಲೆಯ ಪ್ರಕರಣ ಇವೆರಡನ್ನು ನಿಯಮದಲ್ಲೇ ಹೆಸರಿಸಿ ಬರೆಯಲಿ. ಅವು ಇದ್ದರೆ ವಿವರಣೆ ಕೇಳಲಿ, ಅರ್ಜಿದಾರನಿಗೆ ಮಾತಾಡುವ ಅವಕಾಶ ಕೊಡಲಿ. ಬಾಕಿ ಚಲನ್‌ಗಳನ್ನು ಕೈಬಿಡಲಿ. ಚುನಾವಣೆ ಹೊತ್ತಿಗೆ ಆಯೋಗ ಇಂಥ ಸೋಸುವಿಕೆಯನ್ನು ಈಗಾಗಲೇ ಮಾಡಿಸುತ್ತದೆ: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿದ್ದವರ ಲೈಸನ್ಸುಗಳನ್ನು ಸಮಿತಿಯೊಂದು ಪರಿಶೀಲಿಸಿ ಆಯುಧ ಠಾಣೆಗೆ ಒಪ್ಪಿಸಬೇಕೇ ಎಂದು ತೀರ್ಮಾನಿಸುತ್ತದೆ. ಚುನಾವಣೆಗೆ ಆಗುವುದು ಉಳಿದ ದಿನಗಳಿಗೂ ಆಗಬಲ್ಲದು.

ಊರಿನ ಕೋವಿ

ಕನ್ನಡ ನಾಡಿನಲ್ಲಿ ಕೋವಿಗೆ ಬೇರೆ ಬದುಕೂ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದಲೇ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದ್ದನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಬೆಳೆ ಕಾಯಲಿಕ್ಕೆ ಮಸಿ ತುಂಬುವ ಕೋವಿ, ಆತ್ಮರಕ್ಷಣೆಗೆ ಇಲ್ಲವೇ ಕ್ರೀಡೆಗೆ ಕನಿಷ್ಠ 20 ಇಂಚು ನಳಿಗೆಯ ಕೋವಿ ಕೇಳಿದರೆ ಸಾಮಾನ್ಯವಾಗಿ ಲೈಸನ್ಸ್ ಕೊಡಬೇಕೆಂದೇ 13ನೇ ಕಲಮು ಹೇಳುತ್ತದೆ; ಪಿಸ್ತೂಲು, ರಿವಾಲ್ವರಿಗೆ ತಕ್ಕ ಕಾರಣ ತೋರಿಸಬೇಕು. ಈ ಭೇದ ಸರಿಯಾದದ್ದು. ತೋಟದ ಕೋವಿಯನ್ನು ಯಾರೂ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು ಐರೋಲಿ ಸಿಗ್ನಲ್ಲಿಗೆ ಬರುವುದಿಲ್ಲ.

ಈಗ ಆ ಸುಳ್ಯದ ಮಗನ ವಿಷಯಕ್ಕೆ. ಅಪ್ಪ ತೀರಿಕೊಂಡ ಮೇಲೆ ಕೋವಿ ಮನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಲೈಸನ್ಸ್ ಇರುವ ಡೀಲರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಹನ್ನೆರಡನೆಯ ದಿನದ ಕಾರ್ಯ ಕಳೆದು ಮುಂಬಯಿಗೆ ಮರಳುವ ಗಡಿಬಿಡಿಯಲ್ಲಿ ಇದನ್ನು ಮರೆತು ಕೋವಿಯನ್ನು ಕಪಾಟಿನಲ್ಲಿ ಬಿಟ್ಟುಬಂದರೆ ಅದೇ ಅಪರಾಧ. ನಂತರ 2016ರ ನಿಯಮ 25ರಡಿ ವಾರಸುದಾರನಾಗಿ ತನ್ನ ಹೆಸರಿಗೆ ಕೇಳಬಹುದು. ಅಪ್ಪ ಬದುಕಿರುವಾಗಲೇ, ಅವರಿಗೆ 70 ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾಗಿದ್ದರೆ, ವರ್ಗಾಯಿಸಿಕೊಳ್ಳುವ ದಾರಿಯೂ ಇದೆ. ಅರ್ಜಿಗೆ ಮುನ್ನ ಮಾಡಬೇಕಾದ ಕೆಲಸ: ತನ್ನ ಹೆಸರಿನ ಗಾಡಿಗಳ ಚಲನ್ ತೆಗೆದು ನೋಡಿ ಬಾಕಿ ಇದ್ದದ್ದನ್ನು ಕೋರ್ಟಿಗೆ ಹೋಗುವ ಮೊದಲೇ ಕಟ್ಟುವುದು, ಕೋರ್ಟಿಗೆ ಹೋದ ಹಳೆಯ ಪ್ರಕರಣವಿದ್ದರೆ ಆದೇಶದ ದೃಢೀಕೃತ ಪ್ರತಿ ತೆಗೆಸುವುದು, ಎ–1 ನಮೂನೆಯಲ್ಲಿ ಕಲಮು, ದಿನಾಂಕ, ದಂಡದ ಮೊತ್ತ ಇದ್ದ ಹಾಗೆ ಬರೆದು ಆ ಪ್ರತಿಯನ್ನು ಲಗತ್ತಿಸುವುದು. ಮಗ ರಬಾಳೆಯಲ್ಲಿ, ತೋಟ ಸುಳ್ಯದಲ್ಲಿ ಎಂದಾಗ ಕೋವಿ ಯಾವ ವಿಳಾಸದಲ್ಲಿ ಇರುತ್ತದೆ, ವರ್ಷದ ಹೆಚ್ಚು ದಿನ ಖಾಲಿ ಬಿದ್ದ ಮನೆಯಲ್ಲಿ ಅದರ ಬೀಗ ಯಾರ ಕೈಯಲ್ಲಿರುತ್ತದೆ ಎಂದು ಪೊಲೀಸರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲವಾದರೆ, ತೋಟ ನೋಡಿಕೊಳ್ಳುವ ತಮ್ಮನ ಹೆಸರಿಗೆ ಅರ್ಜಿ ಹಾಕಿಸುವುದೇ ಮೇಲು.